ಒಂದು ಪತ್ರ ಬರೆದು ಕೊಡ್ರಿ, ಫಾದರ್



ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ನಾವು ಕರಣಕೋಟದ ಒಂದು ಮನೆಗೆ ಊಟಕ್ಕೆ ಹೋಗಿದ್ದೆವು. ಕರಣಕೋಟ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ತೆಲಂಗಾಣದ ತಾಂಡೂರಿನ ಹತ್ತಿರದ ಊರು. ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ ಇರುವ ಜಾಗ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಗೇ ಸೇರಿತ್ತು. ಹಾಗಾಗಿ ಅಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಬಜಾರಿನಲ್ಲಿ ತೆಲುಗು ಆಡುವ ಕುಟುಂಬಗಳಿವೆ. ನಾವು ಹೋದದ್ದು ಅಂಥದೇ ಮನೆಗೆ. ಯಜಮಾನರು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರರು. ಊರ ಹೊರಗೆ ಮೂರು ಎಕರೆ ತೊಗರಿ ಹೊಲವೂ ಇದೆ.

ಊಟ ಮುಗಿದು ಎಲೆಅಡಿಕೆ ಬರುವ ಹೊತ್ತಿಗೆ ಅವರು ಮೆಲ್ಲಗೆ ವಿಷಯ ತೆಗೆದರು. “ಫಾದರ್, ನಮ್ಮ ಹುಡುಗಿ ಪಿಎಚ್.ಡಿ. ಮಾಡ್ಲಿಕ್ಕೆ ಅಮೆರಿಕಾಕ್ಕ ಅರ್ಜಿ ಹಾಕ್ತಾಳಂತ್ರಿ. ಮೂರು ಶಿಫಾರಸು ಪತ್ರ ಬೇಕಂತ. ಒಂದು ನೀವು ಬರೆದು ಕೊಡ್ರಿ. ಒಂದು ನಮ್ಮ ಎಮ್ಮೆಲ್ಲೆ ಸಾಹೇಬ್ರ ಕಡಿಂದ ತರ್ತೀನಿ. ಇನ್ನೊಂದು ಯಾರ ಕಡಿ ಕೇಳಬೇಕು, ನೀವೇ ಹೇಳ್ರಿ.”

ಮಗಳು ಬಾಗಿಲ ಬಳಿ ನಿಂತಿದ್ದಳು. ತಂದೆಯ ಮಾತಿಗೆ ಅವಳ ಮುಖ ಸಣ್ಣದಾಯಿತು. ಅವಳಿಗೆ ಆ ಪತ್ರಗಳು ಯಾರಿಂದ ಬರಬೇಕೆಂದು ಗೊತ್ತಿತ್ತು. ಕೇಳಲು ಧೈರ್ಯವಿರಲಿಲ್ಲ, ಅಷ್ಟೇ.

ತಂದೆಯನ್ನು ನಾವು ದೂರುವುದಿಲ್ಲ. ನಮ್ಮ ನಾಡಿನಲ್ಲಿ ‘ಶಿಫಾರಸು’ ಎಂಬ ಮಾತಿಗೆ ಇರುವ ಅರ್ಥವೇ ಅದು. ಆಸ್ಪತ್ರೆಯಲ್ಲಿ ಹಾಸಿಗೆ ಬೇಕೆ, ಹಾಸ್ಟೆಲಿನಲ್ಲಿ ಜಾಗ ಬೇಕೆ, ದೊಡ್ಡವರೊಬ್ಬರ ಲೆಟರ್‌ಹೆಡ್ ತಂದುಕೊಡಿ. ಪತ್ರ ಬರೆದವರಿಗೆ ನಮ್ಮ ಹೆಸರೂ ಗೊತ್ತಿರಬೇಕಾಗಿಲ್ಲ, ಅವರ ಮೊಹರು ಇದ್ದರೆ ಸಾಕು. ಮರ್ಯಾದಸ್ಥ ಮಕ್ಕಳು ಇದನ್ನೆಲ್ಲ ನೋಡಿ ಬೆಳೆದು, ಶಿಫಾರಸು ಕೇಳುವುದೆಂದರೆ ವಶೀಲಿ ಹಚ್ಚುವುದು ಎಂದು ನಾಚಿಕೊಳ್ಳುತ್ತಾರೆ. ಈ ಹುಡುಗಿಯೂ ಹಾಗೆಯೇ ನಾಚಿಕೊಂಡು ಎರಡು ತಿಂಗಳು ಕಳೆದಿದ್ದಳು. ಹಲವು ಅಮೆರಿಕನ್ ವಿಶ್ವವಿದ್ಯಾನಿಲಯಗಳಲ್ಲಿ ಅರ್ಜಿಯ ಕೊನೆಯ ದಿನ ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲೇ ಬರುತ್ತದೆ.

ನಮ್ಮಲ್ಲಿ ಪಿಎಚ್.ಡಿ. ಪ್ರವೇಶ ಹೆಚ್ಚಾಗಿ ನೆಟ್ ಅಥವಾ ಪ್ರವೇಶ ಪರೀಕ್ಷೆಯ ಅಂಕ, ಆಮೇಲೆ ಸಂದರ್ಶನ, ಇವುಗಳ ಮೇಲೆ ನಡೆಯುತ್ತದೆ. ಗುರುಗಳ ಪತ್ರ ಕೇಳುವ ಸಂಸ್ಥೆಗಳು ನಮ್ಮಲ್ಲೂ ಇವೆ, ಆದರೆ ಅದರ ಮೇಲೆಯೇ ಸೀಟು ನಿಲ್ಲುವುದು ಅಪರೂಪ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರು ಪತ್ರ, ಇಂಗ್ಲೆಂಡಿನಲ್ಲಿ ಎರಡು. ಕಾಗದದ ಲಕೋಟೆಯ ಕಾಲ ಹೋಯಿತು. ಅರ್ಜಿಯಲ್ಲಿ ಗುರುಗಳ ಹೆಸರು, ಇ-ಮೇಲ್ ವಿಳಾಸ ತುಂಬಿದರೆ ವಿಶ್ವವಿದ್ಯಾನಿಲಯವೇ ಅವರಿಗೆ ನೇರವಾಗಿ ಬರೆದು ಕೇಳುತ್ತದೆ. ಈ ವಿದ್ಯಾರ್ಥಿ ನಿಮಗೆ ಎಷ್ಟು ಕಾಲದಿಂದ ಗೊತ್ತು? ನೀವು ಕಲಿಸಿದವರಲ್ಲಿ ಇವರ ಸ್ಥಾನ ಎಲ್ಲಿ? ಏನನ್ನು ಕಣ್ಣಾರೆ ಕಂಡಿದ್ದೀರಿ? ಅಮೆರಿಕದ 1974ರ ಕಾನೂನೊಂದು ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕು ಕೊಟ್ಟಿದೆ. ಆದರೂ ‘ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ’ ಎಂದು ಅರ್ಜಿಯಲ್ಲೇ ಕೇಳುತ್ತಾರೆ, ಬಹಳ ಮಂದಿ ಬಿಟ್ಟುಕೊಡುತ್ತಾರೆ. ಗುರುಗಳು ದಾಕ್ಷಿಣ್ಯವಿಲ್ಲದೆ ಬರೆಯಲಿ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ಇಂಥ ಕಡೆಗೆ ನಮ್ಮ ಪತ್ರ ಹೋದರೆ ಏನಾದೀತು? ಹುಡುಗಿ ಭಾನುವಾರ ತಪ್ಪದೆ ಬರುತ್ತಾಳೆ, ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತಾಳೆ ಎಂದು ಬರೆಯಬಹುದು. ಪ್ರಯೋಗಾಲಯದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಶಾಸಕರ ಪತ್ರವಾದರೆ, ಹೇಳುವ ಗುರುಗಳು ಯಾರೂ ಸಿಗಲಿಲ್ಲವೇನೋ ಎಂಬ ಅನುಮಾನವೇ ಬಂದೀತು. ತಂದೆಗೆ ಇದನ್ನು ಹೇಳಿದಾಗ ಅವರಿಗೆ ಸ್ವಲ್ಪ ಬೇಸರವಾಯಿತು. “ಹಂಗಾದ್ರ ದೊಡ್ಡವ್ರ ಮಾತಿಗೆ ಬೆಲಿ ಇಲ್ಲೇನ್ರಿ?” ಎಂದರು. ಬೆಲೆ ಇದೆ, ಆದರೆ ಬಲ್ಲವರ ಮಾತಿಗೆ, ಎಂದೆವು.

ಶಿಫಾರಸು ಪತ್ರ ನಮ್ಮ ಧರ್ಮಸಭೆಗೆ ಹೊಸದೇನಲ್ಲ. ಊರಿಂದೂರಿಗೆ ಹೋಗುವ ವಿಶ್ವಾಸಿಗಳು ಇಂಥ ಪತ್ರ ಹಿಡಿದು ಹೋಗುತ್ತಿದ್ದ ಕಾಲದಲ್ಲಿ ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬ ಸಹೋದರಿಯನ್ನು ಪರಿಚಯಿಸುತ್ತಾರೆ. ಆಕೆ ಯಾವ ಸಭೆಯ ಸೇವಕಿ, ಎಷ್ಟು ಜನರಿಗೆ, ತಮಗೂ ಹೇಗೆ ನೆರವಾದಳು ಎಂದು ಹೇಳಿಯೇ ಮುಂದಕ್ಕೆ ಹೋಗುತ್ತಾರೆ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ಇನ್ನೂ ಒಂದು ಹೆಜ್ಜೆ ಮುಂದೆ. ಒನೇಸಿಮನಿಂದ ಏನಾದರೂ ಬಾಕಿ ಇದ್ದರೆ ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವಂತೆ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಹೀಗೆ ಪತ್ರ ಬರೆದವನ ಹೆಸರೂ ಅದರ ಜೊತೆಗೆ ಪಣಕ್ಕೆ ಬೀಳುತ್ತದೆ.

ಇದನ್ನು ನಾವು ಗುರುಮಠದ ಪಾಠದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆವು. ಗುರುಗಳಾದ ಹೊಸತರಲ್ಲಿ ಕೇಳಿದವರಿಗೆಲ್ಲ ಪತ್ರ ಕೊಡುತ್ತಿದ್ದೆವು. ಒಂದೇ ಮಾದರಿ, ಹೆಸರು ಮಾತ್ರ ಬದಲು. ಒಮ್ಮೆ ಒಬ್ಬ ಹುಡುಗನಿಗೂ ಒಬ್ಬ ಹುಡುಗಿಗೂ ಒಂದೇ ಕಾಲೇಜಿಗೆ ಒಂದೇ ವಾರದಲ್ಲಿ ಬರೆದುಕೊಟ್ಟೆವು. ಹುಡುಗಿಯ ಪತ್ರದ ಮಧ್ಯೆ ‘ಇವನು ಸದ್ಗುಣಿ’ ಎಂಬುದು ಹಾಗೆಯೇ ಉಳಿದಿತ್ತು. ಅಲ್ಲಿನ ಪ್ರಾಂಶುಪಾಲರು ಫೋನ್ ಮಾಡಿ, “ಫಾದರ್, ಇವರಿಬ್ಬರಲ್ಲಿ ನಿಮಗೆ ನಿಜವಾಗಿ ಗೊತ್ತಿರುವವರು ಯಾರು?” ಎಂದು ಕೇಳಿದರು. ಇಬ್ಬರೂ ಗೊತ್ತಿರಲಿಲ್ಲ. ಅಲ್ಲಿಂದಾಚೆಗೆ ನಮ್ಮ ಪತ್ರಕ್ಕೆ ಆ ಕಾಲೇಜಿನಲ್ಲಿ ಮೂರು ಕಾಸಿನ ಬೆಲೆ ಇಲ್ಲದಂತಾಯಿತು. ನಿಜಕ್ಕೂ ಅರ್ಹಳಾಗಿದ್ದ ಆ ಹುಡುಗಿಗೆ ನಮ್ಮಿಂದಲೇ ತೊಂದರೆಯಾಯಿತು.

ಕರಣಕೋಟಕ್ಕೆ ಹಿಂತಿರುಗೋಣ. ಹುಡುಗಿಯನ್ನು ಕೂರಿಸಿ ಕೇಳಿದೆವು: “ನಿನ್ನ ಕೆಲಸ ಕಣ್ಣಾರೆ ನೋಡಿದವರು ಯಾರವ್ವ?” ತೊಗರಿಗೆ ಬರುವ ನೆಟೆ ರೋಗದ ಮೇಲೆ ಅವಳು ಎಂ.ಎಸ್ಸಿ. ಪ್ರಬಂಧ ಮಾಡಿದ್ದಳು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗುವ ರೋಗ. ಗುಲ್ಬರ್ಗ ತೊಗರಿಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಸೀಮೆಯಲ್ಲಿ ಆ ರೋಗ ಎಂದರೆ ಏನೆಂದು ರೈತರ ಮನೆಯವರಿಗೆ ವಿವರಿಸಬೇಕಾಗಿಲ್ಲ. ಎರಡು ಹಂಗಾಮು ಹೊಲದಲ್ಲಿ ಸಾಲು ಸಾಲಾಗಿ ಒಣಗಿದ ಗಿಡ ಎಣಿಸಿದ್ದಳು. ಮಾರ್ಗದರ್ಶಕಿ ಮೇಡಂ ಒಬ್ಬರು ಅದನ್ನು ನೋಡಿದ್ದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಎರಡು ತಿಂಗಳು ತರಬೇತಿಗೆ ಹೋಗಿದ್ದಾಗ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಿದ್ದಳು. “ಅವರು ಪ್ರೊಫೆಸರ್ ಅಲ್ಲಲ್ರಿ ಫಾದರ್” ಎಂದು ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ಸಂಶೋಧನೆ ಮಾಡಿಸಿದವರಿಗಿಂತ ಬೇರೆ ಯಾರು ಹೇಳಬೇಕು?

ಮೂರನೆಯದು ಕಷ್ಟವಾಯಿತು. ಅವಳು ಓದಿದ ಕಡೆಯ ಹಿರಿಯ ಪ್ರಾಧ್ಯಾಪಕರೊಬ್ಬರು ದೊಡ್ಡ ಹೆಸರಿನವರು. ಕೇಳಲು ಹೋದಾಗ, “ನೀನೇ ಬರಕೊಂಡು ಬಾ, ಸಹಿ ಹಾಕ್ತೀನಿ. ಇ-ಮೇಲ್ ಪಾಸ್‌ವರ್ಡ್ ಗುಮಾಸ್ತನ ಹತ್ರ ಇದೆ, ನೀವೇ ಹಾಕಿಕೊಳ್ರಿ” ಎಂದರಂತೆ. ಅವರೇನು ದುಷ್ಟರಲ್ಲ. ವರ್ಷಕ್ಕೆ ಎಷ್ಟೋ ಮಕ್ಕಳು ಬಂದು ನಿಲ್ಲುತ್ತಾರೆ, ಬರೆಯುವ ರೂಢಿಯಿಲ್ಲ, ಹೊತ್ತೂ ಇಲ್ಲ. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ತಪ್ಪೆಂದು ಯಾರಿಗೂ ಅನಿಸುವುದೇ ಇಲ್ಲ. ಗೆಳತಿಯರೆಲ್ಲ, “ಚಾನ್ಸ್ ಬಿಡಬ್ಯಾಡ” ಎಂದರು.

ಅವಳು ಅಂದು ರಾತ್ರಿ ನಮಗೆ ಫೋನ್ ಮಾಡಿದಳು. “ಬರಿಯಾಕ ಕುಂತೀನ್ರಿ ಫಾದರ್. ‘ಈಕೆ ಅಸಾಧಾರಣ ಪ್ರತಿಭಾವಂತೆ’ ಅಂತ ನನ್ನ ಕೈಲೆ ನಾನೇ ಹೆಂಗ ಬರೀಲಿ?” ನಾವು ಉಪದೇಶ ಮಾಡಲಿಲ್ಲ, ಅವಳಿಗೇ ಅದು ಹಿಡಿಸಿರಲಿಲ್ಲ. ಬೇರೆಯವರ ಹೆಸರಿನಲ್ಲಿ ಅಭ್ಯರ್ಥಿಯೇ ಬರೆದ ಪತ್ರವನ್ನು ಹಲವು ವಿಶ್ವವಿದ್ಯಾನಿಲಯಗಳು ಒಪ್ಪುವುದಿಲ್ಲ, ತಿಳಿದರೆ ಅರ್ಜಿಯೇ ಬಿದ್ದುಹೋಗಬಹುದು ಎಂಬುದನ್ನಷ್ಟೇ ಹೇಳಿದೆವು. ಒಂದು ದಾರಿಯನ್ನೂ ತೋರಿಸಿದೆವು: ಪತ್ರ ಬರೆಯಬೇಡ, ಮಾಡಿದ ಕೆಲಸದ ಟಿಪ್ಪಣಿ ಒಂದು ಪುಟ ಬರೆದುಕೊಡು. ಯಾವ ವರ್ಷ, ಯಾವ ಪ್ರಯೋಗ, ಏನು ಕೆಟ್ಟಿತು, ಹೇಗೆ ಸರಿ ಮಾಡಿದೆ. ಮಾತು ಅವರದಿರಲಿ. ಟಿಪ್ಪಣಿ ಹಿಡಿದು ಹೋದಳು. ಅವರು ಓದಲಿಲ್ಲ. “ಪತ್ರ ತಂದಿಲ್ಲೇನು?” ಎಂದು ಹಿಂದಕ್ಕೆ ಕಳಿಸಿದರು.

ದೊಡ್ಡ ಹೆಸರು ಕೈತಪ್ಪಿತೆಂದು ಅವಳು ಅತ್ತಳು. ಅವಳಿಗೆ ನಾವು ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇವೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಒಂದು ತೆಲುಗು ಮನೆಯಲ್ಲಿ ಎಂಟನೆಯ ಮಗುವಾಗಿ ಹುಟ್ಟಿದವರು ಸಿ. ಆರ್. ರಾವ್. ಕರಣಕೋಟದ್ದು ತೆಲುಗು ನಾಡಿನ ಕನ್ನಡ ಮನೆಯಾದರೆ ಅವರದು ಕನ್ನಡ ನಾಡಿನ ತೆಲುಗು ಮನೆ. ಗಣಿತದಲ್ಲಿ ಎಂ.ಎ. ಮಾಡಿ ಸಂಶೋಧನಾ ವೇತನಕ್ಕೆ ಹಾಕಿದ ಅರ್ಜಿ ತಡವಾಗಿ ತಲುಪಿತೆಂದು ತಿರಸ್ಕೃತವಾಯಿತು. (ಕೊನೆಯ ದಿನದವರೆಗೆ ಕಾಯುವ ಮಕ್ಕಳು ಈ ಸಾಲನ್ನು ಎರಡು ಬಾರಿ ಓದಲಿ.) ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರು, ಅದೂ ಸಿಗಲಿಲ್ಲ. ಅಲ್ಲಿ ಪ್ರೊ. ಮಹಲನೋಬಿಸ್ ನಡೆಸುತ್ತಿದ್ದ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1941ರ ಜನವರಿಯಲ್ಲಿ ಸೇರಿದರು. ಐದು ವರ್ಷ ಕಳೆದ ಮೇಲೆ ಕೇಂಬ್ರಿಜ್‌ನ ವಸ್ತುಸಂಗ್ರಹಾಲಯದಿಂದ ಮಹಲನೋಬಿಸ್ ಅವರಿಗೆ ಕೋರಿಕೆ ಬಂತು. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನರ ಎಲುಬುಗಳ ಅಳತೆಯನ್ನು ಅವರ ವಿಧಾನದಿಂದ ವಿಶ್ಲೇಷಿಸಲು ಒಬ್ಬರು ಬೇಕು. ಅವರು ಕಳಿಸಿದವರಲ್ಲಿ ರಾವ್ ಒಬ್ಬರು. 1946ರಲ್ಲಿ ಹೋದ ರಾವ್ ಎಲುಬಿನ ಲೆಕ್ಕದ ಜೊತೆಗೇ ಆರ್. ಎ. ಫಿಶರ್ ಅವರ ಬಳಿ ಸಂಶೋಧನೆ ಮಾಡಿ 1948ರಲ್ಲಿ ಪಿಎಚ್.ಡಿ. ಪಡೆದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಅದೇ ವರ್ಷ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. ಮಹಲನೋಬಿಸ್ ದೊಡ್ಡವರು, ನಿಜ. ಆದರೆ ಅವರು ಐದು ವರ್ಷ ಪಕ್ಕದಲ್ಲೇ ಕುಳಿತು ನೋಡಿದ ಹುಡುಗನನ್ನು ಕಳಿಸಿದರು ಎಂಬುದನ್ನು ಮರೆಯಬಾರದು.

“ನಿನ್ನನ್ನು ಹಾಗೆ ನೋಡಿದವರು ಇನ್ಯಾರೂ ಇಲ್ಲವೇ?” ಎಂದು ಕೇಳಿದೆವು. ಬಹಳ ಹೊತ್ತು ಯೋಚಿಸಿ, ತಾಂಡೂರಿನಲ್ಲಿ ಡಿಗ್ರಿ ಓದುವಾಗ ಸಸ್ಯಶಾಸ್ತ್ರ ಕಲಿಸಿದ ಸರ್ ಇದ್ದಾರೆ ಎಂದಳು. ಪಿಎಚ್.ಡಿ. ಇಲ್ಲದ, ಇನ್ನೂ ಖಾಯಂ ಆಗದ ಉಪನ್ಯಾಸಕರು. ಅವಳ ಕೈಗೆ ಮೊದಲು ಸೂಕ್ಷ್ಮದರ್ಶಕ ಕೊಟ್ಟವರು, ಮೂರು ವರ್ಷ ಅವಳ ಪ್ರತಿ ಪ್ರಯೋಗ ಪುಸ್ತಕ ತಿದ್ದಿದವರು. ಕೇಳಿದಾಗ ಅವರು ಗಾಬರಿಯಾದರು: “ನನ್ನ ಪತ್ರ ಅಮೆರಿಕಾದವ್ರು ಓದ್ತಾರೇನವ್ವ?” ಜೀವನದಲ್ಲಿ ಅಂಥದ್ದೊಂದು ಬರೆದಿರಲಿಲ್ಲ. ಕಾಲೇಜಿನ ಹೆಸರಿನ ಇ-ಮೇಲ್ ಕೂಡ ಇರಲಿಲ್ಲ; ಪ್ರಾಂಶುಪಾಲರು ಒಂದು ಮಾಡಿಸಿಕೊಟ್ಟರು. ನಾಲ್ಕು ರಾತ್ರಿ ಕುಳಿತು ಬರೆದರಂತೆ. ಏನು ಬರೆದರೋ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದು ಹಾಗೇ ಇರಬೇಕು.

ಮನೆಯಲ್ಲಿ ಇಂಥ ಮಕ್ಕಳಿರುವವರಿಗೆ ಎರಡು ಮಾತು ಬಿಡಿಸಿ ಹೇಳಿಬಿಡುತ್ತೇವೆ. ಕೊನೆಯ ದಿನಕ್ಕೆ ಎರಡು ತಿಂಗಳ ಮುಂಚೆ, ಆದಷ್ಟು ಎದುರಿಗೆ ಹೋಗಿ ಕೇಳಲಿ. ‘ಪತ್ರ ಕೊಡ್ತೀರಾ’ ಎನ್ನುವ ಬದಲು ‘ನನ್ನ ಕೆಲಸದ ಬಗ್ಗೆ ಒಳ್ಳೆಯ ಮಾತು ಬರೆಯಲು ನಿಮಗೆ ಸಾಧ್ಯವೇ’ ಎಂದು ಕೇಳಿದರೆ, ಆಗದವರಿಗೆ ಬೇಡವೆನ್ನಲು ದಾರಿ ಸಿಗುತ್ತದೆ. ಅರೆಮನಸ್ಸಿನ ಪತ್ರಕ್ಕಿಂತ ನಿರಾಕರಣೆ ಎಷ್ಟೋ ಮೇಲು. ಒಪ್ಪಿದವರ ಕೈಗೆ ಅಂಕಪಟ್ಟಿ, ಪ್ರಬಂಧ, ಎಲ್ಲೆಲ್ಲಿಗೆ ಅರ್ಜಿ, ಯಾವ ದಿನ ಕೊನೆ ಎಂಬುದನ್ನು ಒಂದೇ ಹಾಳೆಯಲ್ಲಿ ಕೊಡಲಿ. ವಾರ ಮುಂಚೆ ನೆನಪಿಸಿದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಫಲಿತಾಂಶ ಏನೇ ಬರಲಿ, ಹೋಗಿ ತಿಳಿಸಲಿ. ಇದನ್ನು ಮಾತ್ರ ನಮ್ಮ ಮಕ್ಕಳು ಬಹಳ ಸಲ ಮರೆಯುತ್ತಾರೆ. ಇನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಕಾಲೇಜು ಉಪನ್ಯಾಸಕರೂ ಕಲಿಸುವ ಸಿಸ್ಟರುಗಳೂ ಅನೇಕರಿದ್ದೀರಿ. ಮಗು ಬಾಗಿಲಲ್ಲಿ ನಿಂತರೆ, ದಯವಿಟ್ಟು ನೀವೇ ಬರೆಯಿರಿ.

ಇನ್ನೊಂದು ಸಂಗತಿ ಹೇಳುವುದು ಬಿಟ್ಟಿತ್ತು. ಅಕ್ಟೋಬರಿನಲ್ಲಿ ಹುಡುಗಿಯ ತಂದೆ ಮೂವರಿಗೂ ಹತ್ತು ಹತ್ತು ಕಿಲೋ ತೊಗರಿಬೇಳೆ ಕಟ್ಟಿಸಿಟ್ಟಿದ್ದರು, ಪತ್ರಕ್ಕೆ ಮುಂಚೆಯೇ ಕೊಟ್ಟುಬರಲೆಂದು. ಈಗ ಬೇಡ, ಪತ್ರಗಳು ಹೋದ ಮೇಲೆ ನೋಡೋಣ ಎಂದೆವು. ಅವರಿಗೆ ಅದು ಅರ್ಥವಾಗಲಿಲ್ಲವಾದರೂ ಚೀಲಗಳನ್ನು ಒಳಗಿಟ್ಟರು. ಮೂರನೆಯ ಪತ್ರ ಡಿಸೆಂಬರಿನಲ್ಲಿ, ಕೊನೆಯ ದಿನಕ್ಕೆ ಎರಡೇ ದಿನ ಉಳಿದಿರುವಾಗ ಹೋಯಿತು. ಐದು ಕಡೆ ಹಾಕಿದ್ದಳು. ನಾಲ್ಕು ಕಡೆಯಿಂದ ಇಲ್ಲವೆಂದು ಬಂತು. ಐದನೆಯ ಕಡೆಯವರು ಫೆಬ್ರವರಿಯಲ್ಲಿ ಸಂದರ್ಶನಕ್ಕೆ ಕರೆದು, ಒಣಗಿದ ಗಿಡಗಳನ್ನು ಎಣಿಸಿದ್ದು ಹೇಗೆ ಎಂಬುದರ ಮೇಲೆಯೇ ಅರ್ಧ ಗಂಟೆ ಕೇಳಿದರಂತೆ. ಸೀಟು ಸಿಕ್ಕಿತು. ಬೇಳೆ ಚೀಲಗಳನ್ನು ಈಸ್ಟರ್ ಮುಗಿದ ವಾರ ತಂದೆ ತಾವೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟುಬಂದರು. ತಾಂಡೂರಿನ ಸರ್ ಮನೆಯಲ್ಲಿ ಅವರನ್ನು ಊಟ ಮಾಡಿಸದೆ ಬಿಡಲಿಲ್ಲವಂತೆ.