ಬಿದ್ದವರ ಬಳಿ ನಿಲ್ಲುವುದೇ ಮೊದಲ ಧರ್ಮ

ದೌಲತಾಬಾದಿನಿಂದ ಖುಲ್ದಾಬಾದಿನ ಘಟ್ಟವೇರಿ ವೇರೂಳದ ಗುಹೆಗಳಿಗೆ ಸಾಗುವ ದಾರಿಯಲ್ಲಿ ಪಾದಚಾರಿಯೊಬ್ಬನಿಗೆ ಮೋಟಾರು ಬಡಿದು ಓಡಿಹೋಯಿತೆನ್ನಿ. ಜನರು ಮೊದಲು ಅದರ ಬೆನ್ನಟ್ಟುವುದು ಸರಿಯಲ್ಲವೆಂದು ನನ್ನ ಮತ. ಓಡಿದವನನ್ನು ನಾಳೆಯೂ ಹಿಡಿಯಬಹುದು. ಹೋದ ಪ್ರಾಣವನ್ನು ಮರಳಿ ತರಲಾಗದು. ಗಾಡಿಯ ಸಂಖ್ಯೆ, ಬಣ್ಣಗಳನ್ನು ನೆನಪಿಟ್ಟು, 108ಕ್ಕೆ ಕರೆಮಾಡಿ, ಸುರಿಯುವ ರಕ್ತವನ್ನು ಶುಭ್ರವಸ್ತ್ರದಿಂದ ಒತ್ತಿಹಿಡಿಯಬೇಕು.

ಕೋರ್ಟು ಕಚೇರಿಯ ಭಯವೇಕೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಸದ್ಭಾವದಿಂದ ನೆರವಾದವನಿಗೆ ರಕ್ಷಣೆಯಿತ್ತಿದೆ. ಅವನು ಹೆಸರು ಹೇಳಲೇಬೇಕೆಂದಿಲ್ಲ. ಗಾಡಿ ಪತ್ತೆಯಾಗದಿದ್ದರೂ, 2022ರ ಯೋಜನೆಯಂತೆ ಮೃತನ ಮನೆಯವರಿಗೆ 2 ಲಕ್ಷ, ತೀವ್ರ ಗಾಯಗೊಂಡವನಿಗೆ 50,000 ರೂಪಾಯಿ ಪರಿಹಾರವುಂಟು. ಅದಕ್ಕೆ ಪೊಲೀಸರಲ್ಲಿ ದೂರು ದಾಖಲಾಗಿರಬೇಕು.

ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ. ಪರನಾಡಿನಲ್ಲಿ ದುಡಿಯುವ ನಮಗೆ ದಾರಿಯಲ್ಲಿ ಬಿದ್ದಾಗ ದಾರಿಹೋಕನೇ ಬಂಧು.