ವಿಮಾನ ನಿಲ್ದಾಣ ಕೋಲಾರಕ್ಕೆ ಎಷ್ಟು ದೂರ?

ಬೆಂಗಳೂರಿನ ಕನ್ನಡ ಯುವಕರೇ,

ಹೆಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿ ನಿಲ್ದಾಣಕ್ಕೆ ಎಷ್ಟು ದೂರ ಎಂದರೆ ಥಟ್ಟನೆ ಹೇಳುತ್ತೀರಿ: ಸುಮಾರು 40 ಕಿಲೋಮೀಟರು, ಟ್ರಾಫಿಕ್ ಸಿಕ್ಕರೆ ಒಂದೂವರೆ ಗಂಟೆ. ಇದೇ ಲೆಕ್ಕವನ್ನು ಒಮ್ಮೆ ಮುಳಬಾಗಿಲಿನಲ್ಲಿ ನಿಂತು ಹಾಕಿ ನೋಡಿ!

ಹಿಂದೆ ನಮ್ಮ ಜಿಲ್ಲೆಯವರು ಹಳೇ ಮದ್ರಾಸ್ ರಸ್ತೆ ಹಿಡಿದರೆ ಹೆಚ್‌ಎಎಲ್ ಸೇರುತ್ತಿದ್ದರು. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ತೆರೆಯಿತು, ಹೆಚ್‌ಎಎಲ್‌ನಲ್ಲಿ ನಿತ್ಯದ ಪ್ರಯಾಣಿಕ ವಿಮಾನಗಳು ನಿಂತವು. ಈಗ ಹೊಸಕೋಟೆಯಲ್ಲಿ ತಿರುಗಿ ದೇವನಹಳ್ಳಿಗೆ ಹೋಗಬೇಕು. ಕೋಲಾರದಿಂದ ಸುಮಾರು 75 ಕಿಲೋಮೀಟರು, ಮುಳಬಾಗಿಲಿನಿಂದ ನೂರು ದಾಟುತ್ತದೆ. ಬೆಳಗಿನ ಜಾವದ ವಿಮಾನಕ್ಕೆ ಬಾಡಿಗೆ ಕಾರೇ ಗತಿ.

ನಾನು ಪ್ರೆಸ್ಸು ನಡೆಸುವವನು, ಸಣ್ಣಕ್ಷರ ಓದುವುದು ನನ್ನ ಕಸುಬು. ದೇವನಹಳ್ಳಿಯ ಕರಾರಿನಲ್ಲೂ ಒಂದು ಷರತ್ತಿದೆ: 25 ವರ್ಷ, ಅಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟರೆ 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣ ಕೂಡದು. ಆ ಗಡುವು ಹತ್ತಿರವಾಗುತ್ತಿರುವುದರಿಂದಲೇ ಈಗ ಎರಡನೇ ನಿಲ್ದಾಣದ ಓಡಾಟ. 2025ರಲ್ಲಿ ಸರ್ಕಾರ ತೋರಿಸಿದ ಜಾಗಗಳು ಯಾವುವು? ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ-ಕುಣಿಗಲ್ ರಸ್ತೆಯಲ್ಲಿ ಒಂದು. ಮೂರೂ ನಮಗೆ ಬೆಂಗಳೂರಿನ ಆಚೆ ಬದಿ! ಮೂಡಣ ಗಡಿಯ ಕನ್ನಡಿಗ ಇವರ ನಕ್ಷೆಯಲ್ಲಿ ಇದ್ದಾನೋ ಇಲ್ಲವೋ?

ನೆರೆಯವರು ಸುಮ್ಮನಿಲ್ಲ. 2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಘೋಷಿಸಿದರು. ಹೊಸೂರು ಮಾಲೂರಿನ ಮಗ್ಗುಲಲ್ಲೇ ಇದೆ. ಅದು ಎದ್ದರೆ ಅಲ್ಲಿನ ಮೊದಲ ಬೋರ್ಡು ತಮಿಳಿನದು. ಅದು ಅವರ ಹಕ್ಕು, ಅವರನ್ನು ಬಯ್ಯಬೇಡಿ. ತನ್ನ ಜನಕ್ಕಾಗಿ ಜಾಗ ಹುಡುಕುವ ಸರ್ಕಾರವನ್ನು ನೋಡಿ ನಮ್ಮವರು ಕಲಿಯಲಿ. ಮಾಸ್ತಿಯವರ ಮಾಲೂರು ತಾಲ್ಲೂಕಿನ ಹುಡುಗ ವಿಮಾನ ಹತ್ತಲು ಹೊರರಾಜ್ಯಕ್ಕೆ ಹೋದರೆ ನಾಚಿಕೆ ಯಾರಿಗೆ?

ಹೊಸ ನಿಲ್ದಾಣ ಬರಲು ವರ್ಷಗಳು ಬೇಕು ಅನ್ನುತ್ತಾರೆ. ಇರಲಿ. ಇವತ್ತೇ ಆಗುವ ಕೆಲಸ ಕಣ್ಣೆದುರೇ ಇದೆ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ದೇವನಹಳ್ಳಿಗೆ ರೈಲು ಹಳಿ ಇದೆ. ಕೋಲಾರ-ಚಿಕ್ಕಬಳ್ಳಾಪುರ ಹಳಿ 2013ರಲ್ಲಿ ಬ್ರಾಡ್‌ಗೇಜ್ ಆಯಿತು. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾಲ್ಟ್ ತೆರೆಯಿತು. ಹಳಿ ಇದೆ, ನಿಲ್ದಾಣವಿದೆ, ಜನರಿದ್ದಾರೆ. ಓಡುವ ರೈಲು ಮಾತ್ರ ಬೆರಳೆಣಿಕೆ! ಹೊಟ್ಟೆಗಿಲ್ಲದವನ ಮುಂದೆ ಖಾಲಿ ಎಲೆ ಹಾಸಿದಂತಾಯಿತು.

ನಮ್ಮ ಬೇಡಿಕೆ ಮೂರೇ.

ಒಂದು: ಈ ಹಳಿಯಲ್ಲಿ ವಿಮಾನದ ವೇಳೆಗೆ ಹೊಂದುವ ರೈಲುಗಳು ಓಡಲಿ. ಹಾಲ್ಟ್‌ನಲ್ಲಿ ಪ್ರತಿ ರೈಲಿಗೂ ಟರ್ಮಿನಲ್ ಬಸ್ಸು ಕಾದಿರಲಿ.

ಎರಡು: ಮುಳಬಾಗಿಲಿಗೆ ರೈಲೇ ಇಲ್ಲ, ಮಾಲೂರಿನ ರೈಲು ಬೆಂಗಳೂರಿನ ದಾರಿಯದು. ಈ ಎರಡೂ ಊರುಗಳಿಂದ ಹೊಸಕೋಟೆ ಮೇಲೆ ಹಗಲೂ ರಾತ್ರಿ ನೇರ ಬಸ್ಸು ಬೇಕು.

ಮೂರು: ಎರಡನೇ ನಿಲ್ದಾಣದ ಜಾಗ ಗೊತ್ತು ಮಾಡುವ ಮುನ್ನ ಕೋಲಾರ ಜಿಲ್ಲೆಯವರನ್ನೂ ಕೇಳಬೇಕು.

ದೇವನಹಳ್ಳಿ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂತು, ಹೆಮ್ಮೆಪಟ್ಟೆವು. ಬೋರ್ಡಿನಲ್ಲಿ ಕನ್ನಡ ಬಂದರೆ ಸಾಕೇ ಗೆಳೆಯರೇ? ಆ ಬೋರ್ಡಿನ ತನಕ ಕನ್ನಡಿಗ ತಲುಪುವುದು ಬೇಡವೇ? ಡಿವಿಜಿಯವರನ್ನು ಕೊಟ್ಟ ಮುಳಬಾಗಿಲು ನಿಮಗೆ ದೂರದ ಊರಾಗದಿರಲಿ. ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ಈ ವಾರವೇ ಒಂದು ಕಾರ್ಡು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ.

ಸಿರಿಗನ್ನಡಂ ಗೆಲ್ಗೆ!