‘ಮಾತ್ರೆ ಉಷ್ಣ ಆಯ್ತು ಡಾಕ್ಟ್ರೇ’

ಕಳೆದ ಸಲ ಬಿಪಿ ಮಾತ್ರೆಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಮೆಸೇಜುಗಳಲ್ಲಿ ಮತ್ತೆ ಮತ್ತೆ ಕಂಡ ಪ್ರಶ್ನೆ ಒಂದೇ: “ಈ ಮಾತ್ರೆ ಉಷ್ಣವಾ ಡಾಕ್ಟ್ರೇ?” ಉತ್ತರ ಕೊಡುವ ಮೊದಲು ಒಂದು ಘಟನೆ ಹೇಳಬೇಕು. ಅದರಲ್ಲಿ ತಪ್ಪು ನನ್ನದು.

ಬೋರಿವಲಿ ಕಡೆ ಸಣ್ಣ ಕ್ಯಾಂಟೀನ್ ನಡೆಸುವ, ಕುಂದಾಪುರ ಮೂಲದ ಒಬ್ಬರು. ವಯಸ್ಸು 58. ಹಾರ್ಟ್ ಅಟ್ಯಾಕ್ ಆಗಿ ಬಂದಿದ್ದರು, ಸ್ಟೆಂಟ್ ಹಾಕಿದೆವು, ಐದನೇ ದಿನ ನಡೆದುಕೊಂಡೇ ಮನೆಗೆ ಹೋದರು. ನಾಲ್ಕು ತಿಂಗಳ ನಂತರ, ಮೇ ತಿಂಗಳ ಒಂದು ರಾತ್ರಿ ಮತ್ತೆ ಬಂದರು. ಮೈಯೆಲ್ಲ ಬೆವರು, ಅದೇ ಎದೆನೋವು. ಹಾಕಿದ್ದ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ತೆರೆದೆವು, ಜೀವ ಉಳಿಯಿತು. ಆದರೆ ಐವತ್ತರಷ್ಟಿದ್ದ ಹೃದಯದ ಪಂಪಿಂಗ್ ಮೂವತ್ತೈದಕ್ಕೆ ಇಳಿಯಿತು.

ಮಾರನೇ ದಿನ ಕೇಳಿದೆ, ಮಾತ್ರೆ ತಪ್ಪಿಸಿದ್ರಾ? ಅವರು ಸಂಕೋಚದಿಂದ ಹೇಳಿದರು: “ಮಾತ್ರೆ ಉಷ್ಣ ಆಯ್ತ್ ಕಾಣಿ. ಬಾಯೆಲ್ಲ ಹುಣ್ಣ್. ಊಟ ಮಾಡುಕೂ ಆಗ್ಲಿಲ್ಲ. ಹನ್ನೆರಡ್ ದಿನ ಎಲ್ಲ ಬಿಟ್ಟೆ, ಬೊಂಡ ಕುಡ್ದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು, ಹಾರ್ಟ್ ಅಟ್ಯಾಕ್ ಆದವರಾದರೆ ಸಾಮಾನ್ಯವಾಗಿ ಒಂದು ವರ್ಷ, ಒಂದು ದಿನವೂ ಬಿಡಬಾರದು ಎಂದು ಡಿಸ್ಚಾರ್ಜ್ ದಿನ ಹೇಳಿದ್ದೆ. ಆಮೇಲೆ ಅವರ ಮಾತ್ರೆಗಳ ಚೀಟಿ ಮತ್ತೊಮ್ಮೆ ನೋಡಿದೆ. ಏಳು ಮಾತ್ರೆಗಳಲ್ಲಿ ಒಂದು ನಿಕೊರಾಂಡಿಲ್. ಎದೆನೋವಿಗೆ ಕೊಡುವ ಮಾತ್ರೆ. ಅದರಿಂದ ಕೆಲವರಿಗೆ ಬಾಯಲ್ಲಿ ಹುಣ್ಣಾಗುತ್ತದೆ, ನಿಲ್ಲಿಸಿದರೆ ಮಾಯುತ್ತದೆ. ಇದು ಪುಸ್ತಕದಲ್ಲಿರುವ ವಿಷಯ, ನನಗೆ ಗೊತ್ತಿರುವ ವಿಷಯ. ಅಂದರೆ ಅವರು ಹೇಳಿದ ‘ಉಷ್ಣ’ ಸುಳ್ಳಲ್ಲ, ಮೂಢನಂಬಿಕೆಯೂ ಅಲ್ಲ. ಅವರು ಕಂಡದ್ದು ಸರಿ, ಇಟ್ಟ ಹೆಸರು ಬೇರೆ. ಏಳರಲ್ಲಿ ಯಾವುದರಿಂದ ಹುಣ್ಣು ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ, ಹಾಗಾಗಿ ಏಳನ್ನೂ ಬಿಟ್ಟರು. ನಾನು ಆ ಒಂದನ್ನು ನಿಲ್ಲಿಸಿದ್ದರೆ ಸಾಕಿತ್ತು.

ಆ ಹನ್ನೆರಡು ದಿನಗಳ ಮುಂಚೆ ಅವರು ಓಪಿಡಿಗೆ ಬಂದಿದ್ದರು. ನಾನು ಬಿಪಿ ನೋಡಿದೆ, ಇಸಿಜಿ ನೋಡಿದೆ, “ಎಲ್ಲ ಸರಿ ಇದೆ” ಅಂದೆ. “ಮಾತ್ರೆ ಒಗ್ಗಿದೆಯಾ?” ಎಂದು ಕೇಳಲಿಲ್ಲ. ನಾನೂ ಅದೇ ಊರಿನ ಕಡೆಯವನು. ಜ್ವರದ ಮಾತ್ರೆ ನುಂಗಿದರೆ ಅಜ್ಜಿ ಹಿಂದೆಯೇ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರು. ಆ ಭಾಷೆ ನನಗೆ ಹೊಸದಲ್ಲ. ಬಿಳಿ ಕೋಟು ಹಾಕಿದ ಮೇಲೆ ಮರೆತೆ ಅಷ್ಟೆ.

ಈ ವಿಷಯವನ್ನು ನಮ್ಮ ಜಿಲ್ಲೆಯಲ್ಲೇ ಕೂತು ಅಧ್ಯಯನ ಮಾಡಿದವರಿದ್ದಾರೆ. ಮಾರ್ಕ್ ನಿಕ್ಟರ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಆಗಿನ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು, ಜನ ಇಂಗ್ಲಿಷ್ ಔಷಧವನ್ನು ಹೇಗೆ ನೋಡುತ್ತಾರೆ ಎಂದು ಕೇಳಿ ಬರೆದುಕೊಂಡರು. ಬೇಗ ಕೆಲಸ ಮಾಡುತ್ತದೆ, ಆದರೆ ಉಷ್ಣ, ಗಟ್ಟಿ. ಬಾಣಂತಿಗೆ, ಮಗುವಿಗೆ, ನಿಶ್ಶಕ್ತಿ ಇರುವವರಿಗೆ ತಡೆಯಲಾರದು ಎಂಬ ಮಾತು ಅವರಿಗೆ ಸಿಕ್ಕಿತು. 1980ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ನಲವತ್ತು ವರ್ಷ ದಾಟಿದೆ. ಹಳ್ಳಿಯ ಆ ಮಾತು ಬೋರಿವಲಿಯ ಎಂಟನೇ ಮಹಡಿಯಲ್ಲೂ ಇದೆ.

ಹೃದಯದ ಡಾಕ್ಟರುಗಳು ಓದಲೇಬೇಕಾದ ಇನ್ನೊಂದು ಕೆಲಸ ಬೈರನ್ ಗುಡ್ ಅವರದು. ಇರಾನಿನ ಮರಾಘೆ ಎಂಬ ಊರಿನಲ್ಲಿ ಹೆಂಗಸರು “ಹೃದಯಕ್ಕೆ ಕಷ್ಟವಾಗಿದೆ” ಎಂದು ಹೇಳಿಕೊಂಡು ಬರುತ್ತಿದ್ದರು. ಆ ಮಾತಿನ ಹಿಂದೆ ಸಾವಿನ ದುಃಖ, ಬಡತನ, ಮನೆಯೊಳಗೆ ಉಸಿರುಗಟ್ಟುವ ಬದುಕು, ಗರ್ಭನಿರೋಧಕ ಗುಳಿಗೆಯ ಭಯ ಎಲ್ಲ ಸೇರಿಕೊಂಡಿದ್ದವು ಎಂದು 1977ರಲ್ಲಿ ಬರೆದರು. ನಮ್ಮಲ್ಲಿ ‘ಸಂಕಟ’ ಅನ್ನುವುದಿಲ್ಲವೇ? ಹೊಟ್ಟೆಗೂ ಸಂಕಟ, ಎದೆಗೂ ಸಂಕಟ, ಮಗ ಮಾತು ಬಿಟ್ಟರೂ ಸಂಕಟ. ಮುಂಬೈಯಲ್ಲಿ ಹಿಂದಿಯವರು ‘ಘಬರಾಹಟ್’ ಅನ್ನುತ್ತಾರೆ, ಮರಾಠಿಯವರು ‘ಪಿತ್ತ’ ಅನ್ನುತ್ತಾರೆ. ಒಂದೇ ಬೆಳಿಗ್ಗೆ ಈ ಮೂರೂ ನನ್ನ ಮೇಜಿನ ಮುಂದೆ ಬರುತ್ತವೆ. ನನ್ನ ಕಂಪ್ಯೂಟರಿನಲ್ಲಿ ಮೂರಕ್ಕೂ ಇರುವುದು ಒಂದೇ ಸಾಲು: ಎದೆನೋವು ಇದೆ, ಅಥವಾ ಇಲ್ಲ.

ಇಷ್ಟು ಹೇಳಿದೆ ಎಂದು “ನೋಡಿ, ಹಿರಿಯರು ಹೇಳಿದ್ದೇ ಸರಿ” ಎಂದು ಯಾರೂ ಇದನ್ನು ಫಾರ್ವರ್ಡ್ ಮಾಡಬೇಡಿ. ಜನರ ಮಾತಿಗೆ ಬೆಲೆ ಕೊಡುವುದು ಬೇರೆ, ಆ ಮಾತನ್ನೇ ರೋಗನಿರ್ಣಯ ಎಂದು ಒಪ್ಪುವುದು ಬೇರೆ. ‘ಗ್ಯಾಸ್’ ಎಂಬ ಒಂದು ಶಬ್ದದಿಂದ ನಾನು ಕಳೆದುಕೊಂಡ ರೋಗಿಗಳಿದ್ದಾರೆ. ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಳ್ಳುತ್ತದೆ, ಸೋಡಾ ಕುಡಿಯುತ್ತಾರೆ, ತೇಗು ಬಂದಾಗ ಹಗುರ ಅನಿಸುತ್ತದೆ, ಬೆಳಗಿನ ಲೋಕಲ್ ಹಿಡಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ತೇಗು ಬಂದ ಮಾತ್ರಕ್ಕೆ ಹೃದಯದ ನೋವಲ್ಲ ಎಂದು ಅರ್ಥವಲ್ಲ. ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು, ಉಸಿರು ಸಿಗದಿರುವುದು, ಇವು ಜೊತೆಗಿದ್ದರೆ ಹೆಸರು ಏನೇ ಇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು.

ಆದರೆ ಹೆಚ್ಚಿನ ದೂರು ನನಗೆ ನಮ್ಮವರ ಮೇಲೆಯೇ. ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯರು ಇಬ್ಬರು ಸಹಲೇಖಕರ ಜೊತೆ 1978ರಲ್ಲೇ ಡಾಕ್ಟರುಗಳು ಓದುವ ಪತ್ರಿಕೆಯಲ್ಲಿ ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟಿದ್ದರು. ಇದು ಏಕೆ ಬಂತು ಅಂದುಕೊಂಡಿದ್ದೀರಿ? ಈಗಲೇ ಏಕೆ ಶುರುವಾಯಿತು? ಯಾವುದಕ್ಕೆ ಹೆಚ್ಚು ಹೆದರಿದ್ದೀರಿ? ನಾನು ಎಂಬಿಬಿಎಸ್ ಓದುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನಡವಳಿಕೆ, ನೀತಿ, ಮಾತುಕತೆಗೆ ಪ್ರತ್ಯೇಕ ಭಾಗ ಬಂದಿದೆ, ಒಳ್ಳೆಯದು. ಆದರೆ ಆ ಹುಡುಗ ಹುಡುಗಿಯರು ಆಸ್ಪತ್ರೆಗೆ ಬಂದು ನಮ್ಮನ್ನು ನೋಡಿ ಕಲಿಯುತ್ತಾರೆ. ಒಬ್ಬ ರೋಗಿಗೆ ಐದು ನಿಮಿಷವೂ ಕೊಡದ ನಮ್ಮಿಂದ ಅವರು ಕಲಿಯುವುದು ಏನು? ಟೈಮ್ ಇಲ್ಲ ಎಂಬುದು ನಿಜ. ಒಂದು ಸ್ಟೆಂಟ್ ಎರಡನೇ ಸಲ ತೆರೆಯುವುದಕ್ಕೆ ಎಷ್ಟು ಟೈಮ್ ಹೋಯಿತು ಎಂಬುದೂ ನನಗೆ ಗೊತ್ತು.

ಈಗ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇನೆ: “ಯಾವ ಮಾತ್ರೆ ಬಿಡಬೇಕು ಅನಿಸ್ತಿದೆ?” “ಬಿಟ್ಟಿದ್ದೀರಾ?” ಅಂದರೆ ಇಲ್ಲ ಅನ್ನುತ್ತಾರೆ. ಹೀಗೆ ಕೇಳಿದರೆ ಹೆಂಡತಿಯ ಮುಖ ನೋಡಿ ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಕ್ಯಾಂಟೀನಿನವರಿಗೆ ನಿಕೊರಾಂಡಿಲ್ ನಿಲ್ಲಿಸಿದೆ, ಹುಣ್ಣು ಮಾಯಿತು. ಈ ಬೇಸಿಗೆಯಲ್ಲಿ ಅವರ ಹೆಂಡತಿ ಫೋನ್ ಮಾಡಿದರು: “ಡಾಕ್ಟ್ರೇ, ಇವ್ರಿಗೆ ದಿನಾ ಎರಡ್ ಬೊಂಡ ಕೊಡ್ಲಕ್ಕಾ? ತಂಪ್ ಅಲ್ದಾ?” ಕೇಳಿದ್ದು ಒಳ್ಳೆಯದಾಯಿತು. ಪಂಪಿಂಗ್ ಕಡಿಮೆಯಾದ ಮೇಲೆ ನಾನು ಕೊಟ್ಟಿರುವ ಒಂದು ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ, ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಸೋಮವಾರ ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿವರೆಗೆ ಮಜ್ಜಿಗೆ ಕೊಡಿ, ಉಪ್ಪು ಹಾಕಬೇಡಿ ಅಂದೆ.